ಹಬ್ಬಕ್ಕಿಂತ ಡಬ್ಬಿಯೇ ಭಾರ

ಓದುಗರ ಪ್ರಶ್ನೆ, ತಜ್ಞರ ಉತ್ತರ

ನಾಗರ ಪಂಚಮಿಯ ಉಂಡಿಯಿಂದ ಶುರುವಾಗಿ ಗಣೇಶ ಚೌತಿ, ಮಹಾನವಮಿ, ಸೀಗಿ ಹುಣ್ಣಿಮೆ, ದೀಪಾವಳಿ, ಎಳ್ಳ ಅಮಾವಾಸ್ಯೆ ದಾಟಿ ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಬಂದು ನಿಲ್ಲುವ ಐದೂವರೆ ತಿಂಗಳಲ್ಲಿ ತೂಕ ಏರುವುದು ಯಾಕೆ, ತಡೆಯುವುದು ಹೇಗೆ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಆಹಾರತಜ್ಞರು ಮತ್ತು ವೈದ್ಯರು ಸೇರಿ ಉತ್ತರಿಸಿದ್ದಾರೆ. ಇಲ್ಲಿ ಕ್ಯಾಲೊರಿ ಎಂದಲ್ಲೆಲ್ಲ ಕಿಲೊಕ್ಯಾಲೊರಿ ಎಂದೇ ಅರ್ಥ. ಒಬ್ಬರ ಕೈಯಳತೆ ಇನ್ನೊಬ್ಬರದಲ್ಲ, ಹಾಗಾಗಿ ಅಂಕಿಗಳನ್ನು ನೂರಕ್ಕೆ ಹತ್ತು-ಹದಿನೈದು ಆಚೀಚೆ ಹಿಡಿಯಿರಿ.

ಪ್ರಶ್ನೆ: ಹಬ್ಬದ ದಿನ ನಾನು ತಿನ್ನುವುದು ಎರಡೇ ಹೋಳಿಗೆ. ಆದರೂ ಪ್ರತಿ ವರ್ಷ ಪಂಚಮಿ-ಸಂಕ್ರಾಂತಿ ನಡುವೆ ಎರಡು ಕೆಜಿ ಕೂಡುತ್ತದೆ, ಯುಗಾದಿ ಬಂದರೂ ಇಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ?
— ಗೃಹಿಣಿ, ಸಿಂಧನೂರು

ಉತ್ತರ: ಹಬ್ಬದ ದಿನದ ತಾಟಿನಲ್ಲಿ ತಪ್ಪು ಹುಡುಕಬೇಡಿ, ಅಡುಗೆಮನೆಯ ಡಬ್ಬಿ ತೆಗೆದು ನೋಡಿ. ಮೈಗೆ ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಒಳಗೆ ಹೋಗಬೇಕು. ಎರಡು ಕೆಜಿಗೆ 15,400. ಪಂಚಮಿಯಿಂದ ಸಂಕ್ರಾಂತಿಗೆ ಸುಮಾರು 160 ದಿನ. ಹಂಚಿದರೆ ದಿನಕ್ಕೆ 96 ಬಂತು. 30 ಗ್ರಾಂ ತೂಗುವ ಒಂದು ಶೇಂಗಾ ಉಂಡಿಯಲ್ಲಿ 140 ಕ್ಯಾಲೊರಿ ಇರುತ್ತದೆ. ಅಂದರೆ ದಿನಕ್ಕೆ ಮುಕ್ಕಾಲು ಉಂಡಿಯೂ ಬೇಕಾಗಲಿಲ್ಲ. ಇನ್ನೊಂದು ಕಡೆಯಿಂದ ನೋಡಿ: ಆರು ದೊಡ್ಡ ಹಬ್ಬಗಳಲ್ಲಿ ದಿನಕ್ಕೆ 1,000 ಕ್ಯಾಲೊರಿ ಹೆಚ್ಚೇ ಉಂಡರೂ ಒಟ್ಟು 6,000. ಅದು ಮುಕ್ಕಾಲು ಕೆಜಿ. ಮಿಕ್ಕ ಒಂದೂಕಾಲು ಕೆಜಿ ಬಂದದ್ದು ಹಬ್ಬದ ಮರುದಿನದಿಂದ ಡಬ್ಬಿ ಬರಿದಾಗುವ ತನಕ, ಸಂಜೆ ಚಾದ ಜೊತೆ.

ನಮ್ಮ ಕಡೆಯ ಹಬ್ಬದ ತಿಂಡಿಗೆ ಬಾಳಿಕೆ ಹೆಚ್ಚು. ಬೇಳೆ ಹೋಳಿಗೆ ಎರಡನೇ ದಿನಕ್ಕೆ ಹಳಸುತ್ತದೆ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಉಂಡಿ, ಚಕ್ಕಲಿ, ಕರ್ಚಿಕಾಯಿಗಳು ವಾರ, ಹತ್ತು ದಿನ ಏನೂ ಆಗದೆ ಕೂಡುತ್ತವೆ. ನೀರಿನಂಶ ಕಡಿಮೆ, ಬೆಲ್ಲ ಮತ್ತು ಎಣ್ಣೆ ಹೆಚ್ಚು. ಕೆಡದಿರುವುದಕ್ಕೆ ಕಾರಣವೂ ಅದೇ, ತೂಕಕ್ಕೆ ಕಾರಣವೂ ಅದೇ.

ನಿಮ್ಮ ಮನೆಯ ತಿಂಡಿಯ ಲೆಕ್ಕ ನೀವೇ ಹಾಕಬಹುದು. ಶೇಂಗಾ ಹೋಳಿಗೆಯನ್ನೇ ತೆಗೆದುಕೊಳ್ಳಿ. ಅರ್ಧ ಕೆಜಿ ಶೇಂಗಾ 2,835, 400 ಗ್ರಾಂ ಬೆಲ್ಲ 1,520, ಕಣಕಕ್ಕೆ 400 ಗ್ರಾಂ ಹಿಟ್ಟು 1,400, ಕಣಕಕ್ಕೂ ಹಂಚಿಗೂ ಸೇರಿ 100 ಗ್ರಾಂ ಎಣ್ಣೆ 900. ಒಟ್ಟು 6,655. ಇದರಲ್ಲಿ 20 ಹೋಳಿಗೆ ಆದರೆ ಒಂದಕ್ಕೆ 333. ಮೇಲೆ ಒಂದು ಚಮಚ ತುಪ್ಪ ಬಿದ್ದರೆ ಇನ್ನೊಂದು 45. ಬೇಳೆ ಹೋಳಿಗೆ ಇದಕ್ಕಿಂತ ಹಗುರ: ಅರ್ಧ ಕೆಜಿ ಕಡಲೆಬೇಳೆ, ಅರ್ಧ ಕೆಜಿ ಬೆಲ್ಲ, 350 ಗ್ರಾಂ ಮೈದಾ, 150 ಗ್ರಾಂ ಎಣ್ಣೆಗೆ 25 ಹೋಳಿಗೆ ಬಂದರೆ ಒಂದಕ್ಕೆ 250ರ ಆಸುಪಾಸು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುವುದರಿಂದ ಈ ವ್ಯತ್ಯಾಸ.

ಇನ್ನು ಮಾಡಬೇಕಾದ್ದು. ಅದೇ ಹಿಟ್ಟು, ಅದೇ ಹೂರಣದಲ್ಲಿ 20ರ ಬದಲು 40 ಹೋಳಿಗೆ ಮಾಡಿ. ತಿನ್ನುವವರು ಎಣಿಸುವುದು ಹೋಳಿಗೆಯನ್ನು, ಗ್ರಾಂ ಅನ್ನಲ್ಲ. "ಎರಡು ತಿಂದೆ" ಎಂಬ ಸಮಾಧಾನ ಚಿಕ್ಕದಕ್ಕೂ ಸಿಗುತ್ತದೆ. ಚಿಕ್ಕ ಹೋಳಿಗೆಯ ಅಂಚು ಬೇಗ ಒಣಗಿ ಬಿರುಸಾಗುವುದೇ ಇದರ ತೊಂದರೆ. ಕಣಕವನ್ನು ಮಾಮೂಲಿಗಿಂತ ಸ್ವಲ್ಪ ಮೆತ್ತಗೆ ನಾದಿ, ಅರ್ಧ ತಾಸು ಮುಚ್ಚಿಟ್ಟು, ಅಂಚಿನ ತನಕ ಹೂರಣ ಬರುವಂತೆ ಲಟ್ಟಿಸಿದರೆ ಸರಿಹೋಗುತ್ತದೆ.

ಬೆಲ್ಲ ಕಡಿಮೆ ಮಾಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಮೇಲಿನ ಅಳತೆಯಲ್ಲಿ 400 ಗ್ರಾಂ ಬೆಲ್ಲವನ್ನು 300ಕ್ಕೆ ಇಳಿಸಿದರೆ ಒಂದು ಹೋಳಿಗೆಗೆ ಉಳಿಯುವುದು 19 ಕ್ಯಾಲೊರಿ ಮಾತ್ರ. ಮೇಲಾಗಿ ಶೇಂಗಾ ಹೂರಣ ಉದುರುದುರಾಗಿ ಲಟ್ಟಿಸುವಾಗ ಕಣಕ ಹರಿಯುತ್ತದೆ. ಆಗ ಎರಡು ಚಮಚ ಬಿಸಿನೀರು ಚಿಮುಕಿಸಿ ಕೈಯಲ್ಲಿ ಮಿದ್ದುಕೊಳ್ಳಬೇಕು, ಹಾಗೆ ಮಾಡಿದ್ದು ಹತ್ತು ದಿನ ಇರುವುದೂ ಇಲ್ಲ. ಬೇಗ ಕೆಡುವುದು ಇಲ್ಲಿ ಒಳ್ಳೆಯದೇ ಅನ್ನಿ. ಆದರೆ ಗಾತ್ರ ಅರ್ಧ ಮಾಡಿದರೆ 165 ಉಳಿಯುತ್ತದೆ, ರುಚಿಯನ್ನು ಮುಟ್ಟಬೇಕಾಗಿಲ್ಲ. ಬೆಲ್ಲದ ಮೇಲೆ ಜಗಳ ಬೇಡ.

ಎಷ್ಟು ಮಾಡಬೇಕು ಎಂಬುದನ್ನು ಶೇಂಗಾ ಹುರಿಯುವ ಮೊದಲೇ ಗೊತ್ತು ಮಾಡಿ. ಮನೆಯಲ್ಲಿ ಐದು ಜನ ಇದ್ದರೆ, ತಲೆಗೆ ದಿನಕ್ಕೆ ಎರಡು ಚಿಕ್ಕ ಹೋಳಿಗೆಯಂತೆ ಎರಡು ದಿನಕ್ಕೆ 20. ನೆರೆಮನೆ, ಕೆಲಸದವರು, ಹೊಲದ ಆಳುಗಳಿಗೆ ಕೊಡುವುದು 15-20. ಅಲ್ಲಿಗೆ ಅರ್ಧ ಕೆಜಿ ಶೇಂಗಾ ಮುಗಿಯಿತು. ಎರಡು ಕೆಜಿ ಹುರಿಯುವವರೇ ಹೆಚ್ಚು. ಕೊಡುವುದನ್ನು ಹಬ್ಬದ ದಿನವೇ ಕೊಟ್ಟುಬಿಡಿ, ನಾಳೆ ಎಂದು ಇಟ್ಟದ್ದು ಮನೆಯಲ್ಲೇ ಕರಗುತ್ತದೆ. ಇಲ್ಲೊಂದು ಪೇಚಿದೆ: ಕೊಟ್ಟ ಡಬ್ಬಿಯನ್ನು ಬರಿದೇ ತಿರುಗಿಸುವ ರೂಢಿ ನಮ್ಮಲ್ಲಿಲ್ಲ. ನಿಮ್ಮ ಶೇಂಗಾ ಹೋಳಿಗೆ ಹೋದ ದಾರಿಯಲ್ಲೇ ಅವರ ರವೆ ಉಂಡಿ ಬರುತ್ತದೆ. ಬಂದದ್ದನ್ನು ಅಂದೇ ಎಲ್ಲರ ಊಟದ ತಾಟಿಗೆ ಹಾಕಿ ಮುಗಿಸಿ, ಡಬ್ಬಿಗೆ ಸುರಿಯಬೇಡಿ.

ಉಳಿದದ್ದನ್ನು ಕಾಣದ ಸ್ಟೀಲ್ ಡಬ್ಬಿಯಲ್ಲಿ, ಸ್ಟೂಲ್ ಹತ್ತಿ ತೆಗೆಯುವ ಎತ್ತರದಲ್ಲಿಡಿ. ಗಾಜಿನ ಬರಣಿಯಲ್ಲಿ ಟಿವಿ ಪಕ್ಕ ಇಟ್ಟ ಉಂಡಿಗೆ ಹಸಿವೆ ಬೇಕಿಲ್ಲ, ಕಣ್ಣು ಸಾಕು. ಮನೆಯವರಿಗೆಲ್ಲ ಒಂದೇ ಕಟ್ಟಳೆ ಇರಲಿ: ಸಿಹಿ ಊಟದ ಜೊತೆ ಮಾತ್ರ, ಚಾದ ಜೊತೆ ಇಲ್ಲ. ಊಟದ ಜೊತೆ ತಿಂದದ್ದು ಒಂದು ರೊಟ್ಟಿಯ ಜಾಗ ಹಿಡಿಯುತ್ತದೆ. ಚಾದ ಜೊತೆ ತಿಂದದ್ದಕ್ಕೆ ಯಾವ ರೊಟ್ಟಿಯೂ ಕಡಿಮೆ ಆಗುವುದಿಲ್ಲ.

ಪ್ರಶ್ನೆ: ದೀಪಾವಳಿ ಪಾಡ್ಯದ ಮರುದಿನ ತೂಕ ನೋಡಿದರೆ ಒಂದೇ ದಿನಕ್ಕೆ 1.8 ಕೆಜಿ ಏರಿತ್ತು. ಇಷ್ಟು ಕೊಬ್ಬು ಒಂದು ದಿನದಲ್ಲಿ ಸೇರಲು ಸಾಧ್ಯವೇ?
— ಬ್ಯಾಂಕ್ ನೌಕರ, ಬಳ್ಳಾರಿ

ಉತ್ತರ: ಸಾಧ್ಯವಿಲ್ಲ. ಅದಕ್ಕೆ ಒಂದೇ ದಿನ ಮಾಮೂಲಿ ಊಟದ ಮೇಲೆ ಸುಮಾರು 14,000 ಕ್ಯಾಲೊರಿ ಬೇಕು, ಅಂದರೆ ನಲವತ್ತಕ್ಕೂ ಹೆಚ್ಚು ಶೇಂಗಾ ಹೋಳಿಗೆ. ನೀವು ಕಂಡದ್ದು ಬಹುಪಾಲು ನೀರು. ಹಿಟ್ಟು-ಸಿಹಿ ಹೆಚ್ಚು ತಿಂದಾಗ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುತ್ತದೆ, ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಚಕ್ಕಲಿ, ಚೂಡಾ, ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿನ್ನೂ ಕರಗದ ಊಟದ ತೂಕವೂ ಸೇರಿತು. ಮಾಮೂಲಿ ಊಟಕ್ಕೆ ಮರಳಿದರೆ ಮೂರು-ನಾಲ್ಕು ದಿನದಲ್ಲಿ ಬಹಳಷ್ಟು ಇಳಿಯುತ್ತದೆ. ಐದನೇ ದಿನವೂ ಉಳಿದದ್ದೇ ನಿಜವಾದ ಲೆಕ್ಕ.

ಅಪಾಯ ಇರುವುದು ಮರುದಿನದ ಆ ಅಂಕಿ ನೋಡಿ "ಹೋಯಿತು, ಇನ್ನೇನು" ಎಂದು ಕೈಬಿಡುವುದರಲ್ಲಿ. ಅಮೆರಿಕದಲ್ಲಿ 195 ವಯಸ್ಕರನ್ನು ಹಬ್ಬದ ಕಾಲದುದ್ದಕ್ಕೂ ತೂಗಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಏರಿದ್ದು 0.37 ಕೆಜಿ ಮಾತ್ರ. ಅವರಾಗಿಯೇ ಅಂದಾಜಿಸಿಕೊಂಡದ್ದು ಅದರ ನಾಲ್ಕು ಪಟ್ಟು. ಆದರೆ ಏರಿದ ಆ ಅಷ್ಟಿಷ್ಟು ಚಳಿಗಾಲ ಕಳೆದರೂ ಇಳಿಯಲಿಲ್ಲ. ವರ್ಷ ವರ್ಷ ಕೂಡುತ್ತ ಹೋಗುವುದು ಇದೇ.

ತೂಗುವ ರೀತಿ ಸರಿಯಿಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು, ತೆಳು ಬಟ್ಟೆಯಲ್ಲಿ ತೂಗಿ. ಯಂತ್ರ ಸಮತಟ್ಟಾದ ಕಲ್ಲಿನ ನೆಲದ ಮೇಲಿರಲಿ. ಚಾಪೆ, ಜಮಖಾನದ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ ಎಂದಿಟ್ಟುಕೊಳ್ಳಿ, ಬರೆದಿಟ್ಟು ಎರಡರ ಸರಾಸರಿ ನೋಡಿ. ಇಷ್ಟು ಮಾತ್ರದಿಂದ ಪ್ರಯೋಜನವಿದೆಯೇ ಎಂದರೆ ಇದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ 272 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ಎರಡು ಸಲವಾದರೂ ತೂಗಿಕೊಂಡು, ಯಾವ ತಿಂಡಿ ಕರಗಿಸಲು ಎಷ್ಟು ನಡೆಯಬೇಕೆಂಬ ಪಟ್ಟಿ ಕೈಯಲ್ಲಿಟ್ಟುಕೊಂಡವರು ಉಳಿದವರಿಗಿಂತ ಸುಮಾರು ಅರ್ಧ ಕೆಜಿ ಕಡಿಮೆ ಇದ್ದರು.

ಪ್ರಶ್ನೆ: ಸಕ್ಕರೆ ಬಿಟ್ಟು ಎಲ್ಲ ಸಿಹಿಯನ್ನೂ ಬೆಲ್ಲದಲ್ಲೇ ಮಾಡುತ್ತೇವೆ. ಇದರಿಂದ ತೂಕ ಏರುವುದಿಲ್ಲ ಅಲ್ಲವೇ?
— ಶಿಕ್ಷಕಿ, ಕುಷ್ಟಗಿ

ಉತ್ತರ: ಏರುತ್ತದೆ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ ಸುಮಾರು 380. ಬೆಲ್ಲದಲ್ಲಿ ಚೂರು ಖನಿಜಾಂಶಗಳಿರುವುದು ನಿಜ, ತೂಕಕ್ಕೂ ರಕ್ತದ ಸಕ್ಕರೆಗೂ ಅದು ಲೆಕ್ಕಕ್ಕಿಲ್ಲ. "ಬೆಲ್ಲದ್ದು, ಏನಾಗಲ್ಲ" ಎಂದು ಒಂದು ಹೆಚ್ಚು ತಿನ್ನುವುದೇ ನಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಮೇಲಿಂದ ಸೇರಿಸಿದ ಸಿಹಿ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು. ಬೆಲ್ಲವೂ ಆ ಲೆಕ್ಕದಲ್ಲೇ ಬರುತ್ತದೆ. ಹಬ್ಬದಲ್ಲಿ ಬಂದವರಿಗೆಲ್ಲ ಚಾ ಮಾಡಿ ಅವರ ಜೊತೆ ನೀವೂ ಐದು ಕಪ್ ಕುಡಿದರೆ, ಕಪ್ಪಿಗೆ ಎರಡು ಚಮಚದಂತೆ 50 ಗ್ರಾಂ ಅಲ್ಲೇ ಮುಗಿಯಿತು. ಹೋಳಿಗೆ ಇನ್ನೂ ಬಡಿಸಿಲ್ಲ.

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆ, ಗುಳಿಗೆ ತೆಗೆದುಕೊಳ್ಳುತ್ತಾರೆ. ಹಬ್ಬದಲ್ಲಿ ಹೋಳಿಗೆ ಪೂರಾ ಬಿಡಿಸಿದರೆ ಮುನಿಸು, ಕೊಟ್ಟರೆ ಸಕ್ಕರೆ 300 ದಾಟುತ್ತದೆ. ಮಧ್ಯದ ದಾರಿ ಇದೆಯೇ?
— ಲಿಂಗಸುಗೂರು

ಉತ್ತರ: ಇದೆ, ಅದಕ್ಕೆ ಅದಲುಬದಲಿನ ಲೆಕ್ಕ ಬೇಕು. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ, 150 ಗ್ರಾಂ ತೂಗುವ ಒಂದು ಬಟ್ಟಲು ಅನ್ನ, ಮಧ್ಯಮ ಗಾತ್ರದ ಒಂದು ಬೇಳೆ ಹೋಳಿಗೆ, ಈ ಮೂರರಲ್ಲೂ ಶರ್ಕರಪಿಷ್ಟ ಸುಮಾರು 40 ಗ್ರಾಂ. ಹೋಳಿಗೆ ಬೇಕಾದರೆ ಒಂದು ರೊಟ್ಟಿ ಅಥವಾ ಒಂದು ಬಟ್ಟಲು ಅನ್ನ ಎತ್ತಿಡಬೇಕು. ಸಾಮಾನ್ಯವಾಗಿ ಆಗುವುದೇನು? ಹೋಳಿಗೆಯೂ ಆಯಿತು, ಚಿತ್ರಾನ್ನವೂ ಆಯಿತು, ಕಟ್ಟಿನ ಸಾರಿನ ಜೊತೆ ಅನ್ನವೂ ಆಯಿತು. 300 ದಾಟಿಸುವುದು ಈ ಮೂರೂ ಸೇರಿ, ಬೈಸಿಕೊಳ್ಳುವುದು ಹೋಳಿಗೆ ಒಂದೇ.

ಬಡಿಸುವ ಕ್ರಮವನ್ನೂ ತಿರುಗಿಸಿ. ನಮ್ಮಲ್ಲಿ ಮೊದಲು ಹೋಳಿಗೆ-ತುಪ್ಪ ಬರುತ್ತದೆ. ಅಪ್ಪನಿಗೆ ಮೊದಲು ಕೋಸಂಬರಿ, ಮೊಳಕೆ ಕಾಳಿನ ಪಲ್ಯ, ಸವತೆಕಾಯಿ, ಒಂದು ಬಟ್ಟಲು ಮೊಸರು ಕೊಡಿ. ಆಮೇಲೆ ಅರ್ಧ ಅಥವಾ ಒಂದು ಹೋಳಿಗೆ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಸಕ್ಕರೆ ಒಮ್ಮೆಗೇ ಜಿಗಿಯುವುದಿಲ್ಲ. ಉಂಡ ಮೇಲೆ ಮಲಗುವ ಬದಲು 15 ನಿಮಿಷ ಓಣಿಯಲ್ಲಿ ಅಡ್ಡಾಡಲಿ, ಎರಡು ತಾಸಿಗೆ ಬೆರಳು ಚುಚ್ಚಿ ನೋಡಿ ಬರೆದಿಡಿ. ಮುಂದಿನ ಹಬ್ಬಕ್ಕೆ ಅವರ ಮೈ ಎಷ್ಟು ತಾಳುತ್ತದೆಂದು ಆ ಅಂಕಿಯೇ ಹೇಳುತ್ತದೆ.

ಎರಡು ಎಚ್ಚರ. ಹೋಳಿಗೆ ಹೆಚ್ಚಾಯಿತೆಂದು ತಾವಾಗಿಯೇ ಇನ್ನೊಂದು ಗುಳಿಗೆ ನುಂಗಬಾರದು. ಗ್ಲಿಮೆಪಿರೈಡ್ ಜಾತಿಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪೂಜೆ ಮುಗಿಯಲಿ ಎಂದು ಮಧ್ಯಾಹ್ನ ಮೂರರ ತನಕ ಉಪವಾಸ ಇರಬಾರದು, ರಕ್ತದ ಸಕ್ಕರೆ ತೀರಾ ಇಳಿದುಬಿಡಬಹುದು. ನಡುಕ, ಬೆವರು, ಎದೆಬಡಿತ, ತಡಬಡಿಸುವ ಮಾತು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಸಿಹಿ ನನಗೆ ಸೇರುವುದಿಲ್ಲ. ಸಂಜೆಗೆ ಗೆಳೆಯರ ಜೊತೆ ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿ ಅಷ್ಟೇ. ಮಂಡಕ್ಕಿ ಹಗುರ ಅಲ್ಲವೇ? ಆದರೂ ಹೊಟ್ಟೆ ಮುಂದೆ ಬರುತ್ತಿದೆ.
— ಅಂಗಡಿ ವ್ಯಾಪಾರಿ, ರಾಯಚೂರು

ಉತ್ತರ: ಮಂಡಕ್ಕಿ ಹಗುರವೇ. 40 ಗ್ರಾಂ, ಅಂದರೆ ತಾಟು ತುಂಬ ಮಂಡಕ್ಕಿಗೆ 140 ಕ್ಯಾಲೊರಿ. ಅದರ ಮೇಲೆ ಒಗ್ಗರಣೆಯ ಎಣ್ಣೆ ಎರಡು ಚಮಚ 90, ಪುಟಾಣಿ ಪುಡಿ 40, ನಾಲ್ಕು ಕಾಳು ಶೇಂಗಾ. ಅಲ್ಲಿಗೆ 280-300. ಒಂದು ಮಿರ್ಚಿಗೆ 20 ಗ್ರಾಂ ಕಡಲೆಹಿಟ್ಟು 75, ಹೀರಿದ ಎಣ್ಣೆ 8 ಗ್ರಾಂ 72, ಒಟ್ಟು ಸುಮಾರು 145. ಎರಡು ಮಿರ್ಚಿ ಸೇರಿ ಪ್ಲೇಟು 570-590ಕ್ಕೆ ಬಂತು. ಇದು ಎರಡು ರೊಟ್ಟಿ, ಪಲ್ಯದ ಸಮ, ಆದರೆ ರಾತ್ರಿ ಒಂಬತ್ತಕ್ಕೆ ನೀವು ಮೂರು ರೊಟ್ಟಿ ಬೇರೆ ಉಣ್ಣುತ್ತೀರಿ.

ಬಿಡಬೇಕಿಲ್ಲ. ಒಗ್ಗರಣೆ ಜೊತೆ ಒಂದೇ ಮಿರ್ಚಿ, ಜೊತೆಗೆ ಹಸಿ ಉಳ್ಳಾಗಡ್ಡಿ, ಲಿಂಬೆ ಹೆಚ್ಚು ಹಾಕಿಸಿಕೊಳ್ಳಿ. ಆ ರಾತ್ರಿ ರೊಟ್ಟಿ ಒಂದಕ್ಕೆ ಇಳಿಸಿ ಪುಂಡಿ ಪಲ್ಯ, ಮಜ್ಜಿಗೆಯಲ್ಲಿ ಮುಗಿಸಿ. ದಿನಾ ಇದ್ದದ್ದು ವಾರಕ್ಕೆ ಎರಡಾದರೂ ಹೊಟ್ಟೆ ಹಿಂದೆ ಸರಿಯುತ್ತದೆ.

ಮನೆಯಲ್ಲಿ ಮಿರ್ಚಿ ಮಾಡುವವರಿಗೆ: ಎಣ್ಣೆ ಹೀರುವುದು ಮೂರು ಕಾರಣಕ್ಕೆ. ಎಣ್ಣೆ ಕಾದಿಲ್ಲದಿರುವುದು ಮೊದಲನೆಯದು. 175ರಿಂದ 180 ಡಿಗ್ರಿ ಇರಬೇಕು. ಹಿಟ್ಟಿನ ಹನಿ ಬಿಟ್ಟರೆ ತಳ ಮುಟ್ಟಿ ತಕ್ಷಣ ಮೇಲೇಳಬೇಕು, ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಒಂದೇ ಸಲಕ್ಕೆ ಹತ್ತು ಮಿರ್ಚಿ ಬಿಟ್ಟರೆ ಕಾದ ಎಣ್ಣೆಯೂ ತಣಿಯುತ್ತದೆ. ಎರಡನೆಯದು ಸೋಡಾ. ಗರಿಗರಿ ಬರಲಿ ಎಂದು ಹೆಚ್ಚು ಹಾಕಿದಷ್ಟೂ ಹಿಟ್ಟಿನೊಳಗೆ ಗಾಳಿಗುಳ್ಳೆ ಎದ್ದು, ಆ ಜಾಗಕ್ಕೆಲ್ಲ ಎಣ್ಣೆ ಇಳಿಯುತ್ತದೆ. ಕಾಲು ಕೆಜಿ ಹಿಟ್ಟಿಗೆ ಚಿಟಿಕೆ ಸಾಕು. ಗರಿಗರಿ ಬೇಕಾದರೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ. ಮೂರನೆಯದು ನೀರು ಹೆಚ್ಚಾದ ಹಿಟ್ಟು. ನೀರು ಆವಿಯಾಗಿ ಹೋದ ದಾರಿಯಲ್ಲೇ ಎಣ್ಣೆ ಒಳಬರುತ್ತದೆ. ಚಕ್ಕಲಿಗೂ ಇದೇ ಮಾತು, ಹಿಟ್ಟಿಗೆ ಹಾಕುವ ಬಿಸಿ ಎಣ್ಣೆ ಹೆಚ್ಚಾದರೆ ಚಕ್ಕಲಿ ಎಣ್ಣೆಯಲ್ಲಿ ಬಿಚ್ಚಿಕೊಂಡು ಇನ್ನಷ್ಟು ಕುಡಿಯುತ್ತದೆ. ಕರಿದದ್ದನ್ನು ಜಾಲರಿಯ ಮೇಲೆ ನಿಲ್ಲಿಸಿ ಸೋರಲು ಬಿಡಿ. ಹಳೆಯ ಪತ್ರಿಕೆಯ ಕಾಗದ ಬೇಡ, ಮುದ್ರಣದ ಶಾಯಿ ತಿಂಡಿಗೆ ಹತ್ತುತ್ತದೆ.

ಪ್ರಶ್ನೆ: ನನ್ನ ಕೈ ಹಿಡಿತದಲ್ಲಿದೆ, ಬೀಗರ ಕೈ ಇಲ್ಲ. "ಇಷ್ಟ ತಿಂದ್ರ ಹ್ಯಾಂಗ್ರಿ, ಇನ್ನೊಂದು ಹಾಕಿಸ್ಕೊಳ್ರಿ" ಎಂದು ಬೇಡವೆಂದರೂ ತಾಟಿಗೆ ಹಾಕಿಬಿಡುತ್ತಾರೆ. ಬಿಟ್ಟರೆ ಅನ್ನಕ್ಕೆ ಅವಮಾನ, ತಿಂದರೆ ನನಗೆ ಕಷ್ಟ.
— ಗಂಗಾವತಿ

ಉತ್ತರ: ಖಾಲಿ ತಾಟು ಬಡಿಸುವವರಿಗೆ ಕರೆ ಇದ್ದಂತೆ. ಮೊದಲ ಸಲವೇ ಅರ್ಧ ಹೋಳಿಗೆ ಕೇಳಿ ಪಡೆಯಿರಿ, ಉಳಿದವರು ಎರಡು ಮುಗಿಸುವ ತನಕ ಅದನ್ನೇ ನಿಧಾನಕ್ಕೆ ತಿನ್ನಿ. ಎರಡನೇ ಸುತ್ತಿಗೆ ಬಂದಾಗ "ಆಮ್ಯಾಲ ಹಾಕಿಸ್ಕೊಂತೀನ್ರಿ, ಮೊದಲ ಪಲ್ಯ ಕೊಡ್ರಿ" ಎನ್ನಿ. "ಬ್ಯಾಡ" ಎಂಬ ಮಾತು ಒತ್ತಾಯಕ್ಕೆ ಎಣ್ಣೆ ಹೊಯ್ಯುತ್ತದೆ. ಬೇರೇನನ್ನೋ ಕೇಳಿದರೆ ಬಡಿಸುವವರಿಗೂ ಬಡಿಸಿದ ತೃಪ್ತಿ. ಕಟ್ಟಿನ ಸಾರು, ಹೆಸರುಕಾಳು ಪಲ್ಯ, ಮಜ್ಜಿಗೆ ಎಷ್ಟು ಸಲ ಕೇಳಿದರೂ ನಷ್ಟವಿಲ್ಲ. ಎಣ್ಣೆಗಾಯಿಯ ಬದನೆ ತಿನ್ನಿ, ಮೇಲೆ ತೇಲುವ ಎಣ್ಣೆ ಬಟ್ಟಲಲ್ಲೇ ಇರಲಿ. ಒಂದೇ ದಿನ ಮೂರು ಮನೆಗೆ ಹೋಗುವುದಿದ್ದರೆ ಊಟ ಒಂದು ಮನೆಯಲ್ಲಿ, ಉಳಿದೆರಡರಲ್ಲಿ ಸಕ್ಕರೆ ಇಲ್ಲದ ಚಾ ಅಥವಾ ಮಜ್ಜಿಗೆ ಎಂದು ಹೋಗುವ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಅಡುಗೆ ಆದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಹಬ್ಬದ ಮರುದಿನ ಅಂಜನಾದ್ರಿ ಬೆಟ್ಟ ಹತ್ತಿ ಇಳಿದರೆ ತಿಂದದ್ದು ಕರಗುತ್ತದೆಯೇ?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: 575 ಮೆಟ್ಟಿಲು ಹತ್ತಲು 65 ಕೆಜಿ ತೂಕದವರಿಗೆ ಖರ್ಚಾಗುವುದು ಸುಮಾರು 80-90 ಕ್ಯಾಲೊರಿ, ಇಳಿಯಲು ಅದಕ್ಕಿಂತ ಬಹಳ ಕಡಿಮೆ. ದೊಡ್ಡ ಶೇಂಗಾ ಹೋಳಿಗೆಯ ಕಾಲು ಭಾಗ ಹೋಯಿತು. ಕೆಳಗಿಳಿದು ಕುಡಿಯುವ ಒಂದು ಬಾಟಲಿ ತಂಪು ಪಾನೀಯ ಅದನ್ನು ತಿರುಗಿ ತುಂಬುತ್ತದೆ. ಚುರುಕಾಗಿ ಒಂದು ತಾಸು ನಡೆದರೂ 220-230ರ ಮೇಲೆ ಹೋಗುವುದಿಲ್ಲ. ಬೆಟ್ಟ ಹತ್ತಿ, ಹೃದಯಕ್ಕೂ ಮೊಣಕಾಲಿಗೂ ಒಳ್ಳೆಯದು. ತಿಂದದ್ದರ ಜಮಾ-ಖರ್ಚಿಗೆ ಅದನ್ನು ಹಿಡಿಯಬೇಡಿ. ಹಬ್ಬದ ತಿಂಗಳುಗಳಲ್ಲಿ ನಿಜವಾಗಿ ತಪ್ಪುವುದು ದಿನದ ನಡಿಗೆ. ಬೆಳಗಿನ ವಾಕಿಂಗ್ ಪೂಜೆಗೆ ತಪ್ಪುತ್ತದೆ, ಸಂಜೆಯದು ನೆಂಟರಿಗೆ ತಪ್ಪುತ್ತದೆ. ಮೂರು ಊಟದ ನಂತರ ಹತ್ತತ್ತು ನಿಮಿಷದಂತೆ ಒಡೆದುಕೊಂಡರೆ ಯಾವ ನೆಂಟರೂ ಅಡ್ಡ ಬರುವುದಿಲ್ಲ.

ಪ್ರಶ್ನೆ: ಹಬ್ಬದಲ್ಲಿ ಹೆಚ್ಚಾದದ್ದಕ್ಕೆ ಮರುದಿನ ಉಪವಾಸ ಮಾಡುತ್ತೇನೆ, ಸಾಬೂದಾಣಿ ಉಸುಳಿ ಮಾತ್ರ. ಇದು ಸರಿಯೇ?
— ಮಾನ್ವಿ

ಉತ್ತರ: ಒಣ ಸಾಬೂದಾಣಿ 100 ಗ್ರಾಂ 350, ಶೇಂಗಾ ಪುಡಿ 30 ಗ್ರಾಂ 170, ಎಣ್ಣೆ ಮೂರು ಚಮಚ 135. ಒಂದು ತಾಟು ಉಸುಳಿ 650 ದಾಟಿತು, ಅದರಲ್ಲಿ ನಾರು ಇಲ್ಲವೇ ಇಲ್ಲ ಎನ್ನಬೇಕು, ಸಂಜೆಗೆ ಮತ್ತೆ ಹಸಿವೆ. ದೇವರ ಉಪವಾಸ ನಿಮ್ಮಿಷ್ಟ, ತೂಕಕ್ಕಾಗಿ ಬೇಡ. ಪೂರಾ ಹಸಿದಿದ್ದರೆ ಸಂಜೆ ಏಳಕ್ಕೆ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ನಾಷ್ಟಾ ಮಾಡಿ, ಮಧ್ಯಾಹ್ನ ಎರಡು ರೊಟ್ಟಿ, ಕಾಳು ಪಲ್ಯ, ಹಸಿ ಮೂಲಂಗಿ, ಮೊಸರು; ರಾತ್ರಿ ಒಂದು ರೊಟ್ಟಿ, ಸೊಪ್ಪಿನ ಪಲ್ಯ. ಮಾಮೂಲಿ ದಿನದ ಊಟವೇ ಸಾಕು.

ಪ್ರಶ್ನೆ: ರಂಜಾನ್ ತಿಂಗಳಲ್ಲಿ ಹಗಲೆಲ್ಲ ಉಪವಾಸ ಇದ್ದರೂ ತೂಕ ಏರುತ್ತದೆ. ಯಾಕೆ?
— ರಾಯಚೂರು

ಉತ್ತರ: ಇಫ್ತಾರ್‌ನಲ್ಲಿ ಶರಬತ್, ಸಮೋಸ, ಬಜ್ಜಿ ಹತ್ತು ನಿಮಿಷದಲ್ಲಿ ಒಟ್ಟಿಗೇ ಹೋಗುವುದರಿಂದ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಮುಟ್ಟಲು 15-20 ನಿಮಿಷ ಬೇಕು. ಖಜೂರ ಎರಡು-ಮೂರು, ನೀರು, ಒಂದು ಬಟ್ಟಲು ಬೇಳೆಯ ಅಥವಾ ಹಲೀಮಿನಂಥ ಗಂಜಿ ಸೇವಿಸಿ ಮಗ್ರಿಬ್ ನಮಾಜಿಗೆ ಹೋಗಿಬನ್ನಿ, ಊಟ ಆಮೇಲೆ. ಬಂದ ಮೇಲೆ ಸಮೋಸದ ಮೇಲಿನ ಆಸೆ ಅರ್ಧ ಇಳಿದಿರುತ್ತದೆ. ಶರಬತ್ತಿನ ಒಂದು ದೊಡ್ಡ ಲೋಟಕ್ಕೆ ನಾಲ್ಕೈದು ಚಮಚ ಸಕ್ಕರೆ ಬೀಳುತ್ತದೆ. ದಾಹಕ್ಕೆ ನೀರು, ರುಚಿಗೆ ಅರ್ಧ ಲೋಟ ಶರಬತ್. ಸೆಹ್ರಿ ತಪ್ಪಿಸಬೇಡಿ.

ಪ್ರಶ್ನೆ: ರಾತ್ರಿ ಪಾಳಿಯ ಕೆಲಸ. ಆಯುಧ ಪೂಜೆಯಿಂದ ದೀಪಾವಳಿ ತನಕ ಸಿಹಿಯ ಬಾಕ್ಸ್‌ಗಳು ಕೆಲಸದ ಜಾಗದಲ್ಲೇ ಇರುತ್ತವೆ, ನಿದ್ದೆ ತಡೆಯಲು ತಿನ್ನುತ್ತಲೇ ಇರುತ್ತೇವೆ.
— ತೋರಣಗಲ್ಲು

ಉತ್ತರ: ನಿದ್ದೆಗೆಟ್ಟ ಮೈ ಸಿಹಿ ಮತ್ತು ಕರಿದದ್ದನ್ನೇ ಬೇಡುತ್ತದೆ, ಹಸಿವೆಯ ಹಾರ್ಮೋನುಗಳು ಏರುಪೇರಾಗುವುದೇ ಕಾರಣ. ನಡುರಾತ್ರಿ ತಿಂದದ್ದನ್ನು ಮೈ ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದೂ ಇಲ್ಲ. ದೊಡ್ಡ ಊಟವನ್ನು ಪಾಳಿಗೆ ಹೋಗುವ ಮೊದಲು, ರಾತ್ರಿ ಎಂಟು-ಎಂಟೂವರೆಗೆ ಮುಗಿಸಿ. ನಡುರಾತ್ರಿ ಒಂದು ಗಂಟೆಗೆ ಮುಂಚೆ ಒಂದು ಸಣ್ಣ ಡಬ್ಬಿ: ಬೇಯಿಸಿದ ಕಡಲೆ ಅಥವಾ ಮೊಳಕೆ ಹೆಸರು, ಇಲ್ಲವೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ಆಮೇಲೆ ಬೆಳಗಿನ ತನಕ ನೀರು, ಉಪ್ಪು ಹಾಕಿದ ಮಜ್ಜಿಗೆ. ಚಾ ಮೂರು ಗಂಟೆಯ ನಂತರ ಬೇಡ, ಬೆಳಿಗ್ಗೆ ನಿದ್ದೆ ಕೆಡುತ್ತದೆ. ಹಂಚಿದ ಬಾಕ್ಸನ್ನು ಸೀಲ್ ಒಡೆಯದೆ ಮನೆಗೆ ಒಯ್ಯಿರಿ. ಒಡೆದ ಬಾಕ್ಸ್ ಬೆಳಗಿನ ತನಕ ಉಳಿದದ್ದಿಲ್ಲ.

ಪ್ರಶ್ನೆ: ಕರಿ ದಿನ ಮಟನ್ ಜೊತೆ ಎರಡು ಪೆಗ್. ಮದ್ಯದಲ್ಲಿ ಕೊಬ್ಬಿಲ್ಲ, ಹಾಗಾದರೆ ತೂಕಕ್ಕೆ ತೊಂದರೆ ಇಲ್ಲವೇ?
— ಸಿರುಗುಪ್ಪ

ಉತ್ತರ: ಮದ್ಯದ ಪ್ರತಿ ಗ್ರಾಂಗೆ 7 ಕ್ಯಾಲೊರಿ, ಅಕ್ಕಿ-ಜೋಳದ ಪಿಷ್ಟಕ್ಕೆ 4. ವಿಸ್ಕಿ 60 ಮಿಲಿಗೆ ಸುಮಾರು 130, ದೊಡ್ಡ ಬಾಟಲಿ ಬಿಯರ್‌ಗೆ 270-300. ಮೈ ಮೊದಲು ಮದ್ಯವನ್ನು ಸುಡುತ್ತದೆ, ಮಟನ್ನಿನ ಕೊಬ್ಬು ಅಷ್ಟು ಹೊತ್ತು ಕಾಯುತ್ತದೆ, ಉಳಿದದ್ದು ಸೊಂಟಕ್ಕೆ. ಎಲ್ಲಕ್ಕಿಂತ ಕೆಟ್ಟದ್ದು ನಡುವೆ ಕೈಯಾಡಿಸುವ ಖಾರ ಶೇಂಗಾ: 50 ಗ್ರಾಂ ಒಂದು ಪೊಟ್ಟಣ 285. ಅದರ ಜಾಗದಲ್ಲಿ ಸವತೆಕಾಯಿ, ಉಳ್ಳಾಗಡ್ಡಿ ಇಟ್ಟುಕೊಳ್ಳಿ. ಇದು ತೂಕದ ಲೆಕ್ಕ ಅಷ್ಟೇ. ಕುಡಿಯದಿದ್ದರೆ ಲೆಕ್ಕವೇ ಬೇಕಿಲ್ಲ.

ಪ್ರಶ್ನೆ: ನನ್ನ ಎತ್ತರ 160 ಸೆಂ.ಮೀ., ತೂಕ 62. ಚಿಂತೆ ಮಾಡಬೇಕೇ?
— ಸಂಡೂರು

ಉತ್ತರ: ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ 24.2 ಬರುತ್ತದೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಹಿಡಿಯುತ್ತಾರೆ. ಹೊಕ್ಕುಳ ಮಟ್ಟದ ಸುತ್ತಳತೆಯನ್ನೂ ನೋಡಿ, ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ದಾಟಬಾರದು. ನಿಮಗೆ ಈ ಹಬ್ಬದ ಸಾಲಿನಲ್ಲಿ ಇಳಿಸುವ ಹಟ ಬೇಡ, 62ರಲ್ಲೇ ನಿಂತರೆ ಗೆದ್ದಂತೆ.

ಪ್ರಶ್ನೆ: ಹಬ್ಬದ ನಂತರ ಹತ್ತು ದಿನದಲ್ಲಿ ಐದು ಕೆಜಿ ಇಳಿಸುವ ಪುಡಿ ಎಂದು ಜಾಹೀರಾತು ಬರುತ್ತದೆ. ತೆಗೆದುಕೊಳ್ಳಬಹುದೇ?
— ಹೊಸಪೇಟೆ ರಸ್ತೆ, ಬಳ್ಳಾರಿ

ಉತ್ತರ: ಬೇಡ. ಭೇದಿ ಮಾಡಿಸುವ ಅಥವಾ ಮೂತ್ರ ಹೆಚ್ಚಿಸುವ ಪುಡಿಯಿಂದ ಇಳಿಯುವುದು ನೀರು. ನೀರಿನ ಜೊತೆ ಪೊಟ್ಯಾಶಿಯಂ ಹೋಗಿ ಸುಸ್ತು, ಎದೆಬಡಿತದ ತೊಂದರೆ ಬರುತ್ತದೆ.

ಪ್ರಶ್ನೆ: ಅವ್ವನಿಗೆ 74 ವರ್ಷ, ಈ ವರ್ಷ ಎರಡು ಕೆಜಿ ಕಡಿಮೆಯಾಗಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಸಿಹಿ ಕಡಿಮೆ ಮಾಡಿದ್ದೇವೆ, ಅವಳಿಗೂ ಅದೇ ಕಟ್ಟಳೆಯೇ?
— ಯಲಬುರ್ಗಾ

ಉತ್ತರ: ಅವರಿಗೆ ಆ ಕಟ್ಟಳೆ ಇಲ್ಲ. ಆ ವಯಸ್ಸಿನಲ್ಲಿ ತಾನಾಗಿ ಇಳಿಯುವ ತೂಕದಲ್ಲಿ ಸ್ನಾಯು ಕರಗುವುದೇ ಹೆಚ್ಚು, ಯಾಕೆ ಇಳಿಯುತ್ತಿದೆ ಎಂದು ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಹಾಲಿನಲ್ಲಿ ನೆನೆಸಿದ ಮಾದಲಿ, ಮೇಲೆ ತುಪ್ಪ, ಮೆತ್ತಗೆ ಅಗಿಯಲು ಬರುವ ಬೇಳೆ ಹೋಳಿಗೆ ಧಾರಾಳವಾಗಿ ಕೊಡಿ. ಎತ್ತರದಲ್ಲಿಟ್ಟ ಡಬ್ಬಿಯ ಹೊರತಾಗಿ ಅವರ ಕೈಗೆಟಕುವಲ್ಲಿ ಬೇರೆ ಒಂದು ಇರಲಿ.